ಕೆಂಪು ಮೂತಿ ಹುಳುವಿನ ಬಲೆ ಕಟ್ಟಿ ಮೂರು ವಾರ ಆಯ್ತು, ಒಂದೂ ಬಿದ್ದಿಲ್ಲ

ಮದ್ದೂರು ತೋಟ:
ಎರಡೂವರೆ ಎಕರೆ ತೆಂಗು, ಹತ್ತು ವರ್ಷದ ಮರಗಳು. ಒಂದು ಮರದಲ್ಲಿ ಎದೆಮಟ್ಟಕ್ಕೆ ಕಂದು ರಸ ಸೋರುತ್ತಿದೆ. ತೂತಿನ ಬಾಯಲ್ಲಿ ಜಗಿದು ಉಗಿದ ಹಾಗೆ ನಾರು. ಕಿವಿ ಇಟ್ಟರೆ ಒಳಗೆ ಕರಕರ ಸದ್ದು. ಹುಳ ಎಷ್ಟು ಓಡಾಡ್ತಿದೆ ಅಂತ ತಿಳಿಯೋಕೆ ಬಕೆಟ್ ಬಲೆ ಕಟ್ಟಿದೆ. ಲೂರ್ (ವಾಸನೆಯಿಂದ ಹುಳ ಸೆಳೆಯೋ ಮದ್ದಿನ ಪೊಟ್ಟಣ) ತೂಗುಹಾಕಿ ತಳಕ್ಕೆ ಸೋಪಿನ ನೀರು ಬಿಟ್ಟಿದ್ದೇನೆ. ಬಿದ್ದಿದ್ದು ಎರಡು ಕೊಂಬಿನ ದುಂಬಿ ಮಾತ್ರ. ಲೂರ್ ಕೆಟ್ಟಿದೆಯಾ? ಮಕ್ಕಳ ಹಾಗೆ ಸಾಕಿದ ಮರಗಳು, ಹೊಟ್ಟೆ ಉರೀತಿದೆ.

ಪಾಂಡವಪುರ ರೈತ:
ಲೂರ್ ಚೆನ್ನಾಗಿಯೇ ಇದೆ ಅಣ್ಣ, ಆದರೆ ಬೇರೆ ಹುಳದ್ದು ಅನ್ಸುತ್ತೆ. ಪೊಟ್ಟಣ ನೋಡಿ. ಕೆಂಪು ಮೂತಿ ಹುಳಕ್ಕೆ ಫೆರುಜಿನಿಯಾಲ್ ಅಂತ ಇರಬೇಕು. ಈಥೈಲ್ ಮಿಥೈಲ್ ಆಕ್ಟನೋಯೇಟ್ ಅಂತಿದ್ದರೆ ಅದು ಕೊಂಬಿನ ದುಂಬಿಗೆ.

ಮದ್ದೂರು ತೋಟ:
ಎರಡನೆಯದೇ ಇದೆ! ಅಂಗಡಿಯಲ್ಲಿ ತೆಂಗಿನ ಹುಳಕ್ಕೆ ಅಂತಷ್ಟೇ ಕೇಳಿ ತಂದಿದ್ದೆ.

ಪಾಂಡವಪುರ ರೈತ:
ಅದನ್ನು ಎಸೀಬೇಡಿ, ಬೇರೆ ಬಕೆಟ್‌ಗೆ ಕಟ್ಟಿ. ಕೊಂಬಿನ ದುಂಬಿ ಸುಳಿಯಲ್ಲಿ ಕೊರೆದ ಗಾಯಕ್ಕೇ ಕೆಂಪು ಹುಳ ಬಂದು ಮೊಟ್ಟೆ ಇಡೋದು.

ಇನ್ನೊಂದು ಮುಖ್ಯ ವಿಷಯ. ಕೆಂಪು ಹುಳಕ್ಕೆ ಲೂರ್ ಒಂದೇ ಸಾಲದು, ಹುಳಿ ಬಂದ ತಿನಿಸಿನ ವಾಸನೆ ಜೊತೆಗೆ ಬೇಕು. ಕಬ್ಬಿನ ತುಂಡು ಸೀಳಿ, ಕಳಿತ ಬಾಳೆಹಣ್ಣು, ಸ್ವಲ್ಪ ಬೆಲ್ಲ, ಚಿಟಿಕೆ ಯೀಸ್ಟ್ ನೀರಿಗೆ ಹಾಕಿ. ನಮ್ಮ ಕಡೆ ಕಬ್ಬಿಗೇನು ಬರ ಅಲ್ವಾ! ವಾರಕ್ಕೊಮ್ಮೆ ಬದಲಾಯಿಸಿ, ನೀರು ಒಣಗೋಕೆ ಬಿಡಬೇಡಿ. ಬಕೆಟ್ ಹೊರಗೆ ಗೋಣಿಚೀಲ ಸುತ್ತಿ. ನುಣುಪು ಪ್ಲಾಸ್ಟಿಕ್ ಮೇಲೆ ಹುಳ ಜಾರುತ್ತೆ, ಬಕೆಟ್‌ನ ತೂತಿನವರೆಗೆ ಹತ್ತೋಕಾಗಲ್ಲ. ಎಳೆ ತೆಂಗಿನ ಪಕ್ಕ ಮಾತ್ರ ಕಟ್ಟಬೇಡಿ, ಬಂದ ಹುಳ ಮರಕ್ಕೇ ಇಳಿಯುತ್ತೆ. ಬದುವಿನ ನೆರಳಲ್ಲಿ, ನೆಲದಿಂದ ಒಂದು ಮೀಟರ್ ಎತ್ತರ ಸಾಕು. ಗಮನಿಸೋಕೆ ನಿಮ್ಮ ತೋಟಕ್ಕೆ ಒಂದೇ ಬಲೆ ಸಾಕು.

ಸೋರುವ ಮರಕ್ಕೆ ಬಲೆ ಮದ್ದಲ್ಲ. ಒಳಗಿರುವ ಮರಿಹುಳ ಹೊರಗೆ ಬರಲ್ಲ. ಇವತ್ತೇ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ.

ಮದ್ದೂರು ತೋಟ:
ಹನ್ನೆರಡು ದಿನ ಆಯ್ತು. ಹೊಸ ಲೂರ್, ಕಬ್ಬು, ಗೋಣಿ ಎಲ್ಲಾ ನೀವು ಹೇಳಿದ ಹಾಗೇ ಮಾಡಿದೆ. ಹದಿನಾಲ್ಕು ಬಿದ್ದಿವೆ! ಮೂತಿಯ ಮೇಲೆ ಕೂದಲಿನ ಕುಚ್ಚು ಇರೋದು ಐದು, ಉಳಿದ ಒಂಬತ್ತಕ್ಕೆ ಮೂತಿ ಬೋಳು.

ಪಾಂಡವಪುರ ರೈತ:
ಕುಚ್ಚು ಇರೋದು ಗಂಡು. ಬೋಳು ಮೂತಿಯ ಒಂಬತ್ತೂ ಹೆಣ್ಣು, ಮೊಟ್ಟೆ ಇಡೋವೇ ಸಿಕ್ಕಿವೆ. ಪ್ರತಿ ವಾರ ಎಣಿಸಿ ಬರೆದಿಡಿ. ಮಟ್ಟೆ ಕಡಿದ ಗಾಯದಲ್ಲೂ ಅವು ಮೊಟ್ಟೆ ಇಡುತ್ತವೆ, ಅಂಥ ಗಾಯ ಎಲ್ಲೆಲ್ಲಿದೆ ಅಂತ ನಾಳೆಯೇ ಒಂದೊಂದು ಮರ ಸುತ್ತಿ ನೋಡಿ ಅಣ್ಣ.