ದೊಡ್ಡಪ್ಪನ ಕಪ್ಪು ಕಾರಿಗೆ ಪೇಸ್ಟ್ ಹಚ್ಚಬೇಕೇ?

ನಮ್ಮ ‘ತೊಟ್ಟಿಮನೆ’ ಗುಂಪಿನಲ್ಲಿ ಹದಿನೇಳು ಜನ. ತೊಟ್ಟಿಮನೆ ಮಾರಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ವಾಟ್ಸಾಪಿನಲ್ಲಿ ಉಳಿದಿದೆ. ಆಯುಧ ಪೂಜೆಯ ಮಾರನೇ ದಿನ ದೊಡ್ಡಪ್ಪ ಹಾಕಿದ ಒಂದು ವಿಡಿಯೊ ಮೇಲೆ ಇಡೀ ದಿನ ನಡೆದ ಜಗಳ ಇದು. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕಿದ್ದೇನೆ. ನಡುವೆ ಬಂದ ಹಬ್ಬದ ಶುಭಾಶಯ, ಒಂದು ಸೋರೆಕಾಯಿ ಪಲ್ಯದ ರೆಸಿಪಿ, ಇವನ್ನು ಬಿಟ್ಟಿದ್ದೇನೆ.

ದೊಡ್ಡಪ್ಪ: (ವಿಡಿಯೊ. ಹಲವು ಬಾರಿ ಫಾರ್ವರ್ಡ್ ಆಗಿದೆ)

ದೊಡ್ಡಪ್ಪ: ಕಪ್ಪು ಕಾರಿನ ಗೀರಿಗೆ ಬಿಳಿ ಟೂತ್‌ಪೇಸ್ಟ್. 5 ನಿಮಿಷದ ಕೆಲಸ. ಶೋರೂಮಿನವರು ಈ ಗುಟ್ಟು ಬಿಟ್ಟುಕೊಡುವುದಿಲ್ಲವಂತೆ. ಎಲ್ಲರೂ ಪೂರ್ತಿ ನೋಡಿ.

ಸುಮಕ್ಕ: ಅಯ್ಯೋ ದೊಡ್ಡಪ್ಪ, ಕಾರಿಗೆ ಗೀರಾಯ್ತಾ? ಯಾರು ತಾಗಿಸಿದ್ದು?

ದೊಡ್ಡಪ್ಪ: ಯಾರೂ ಇಲ್ಲ. ನಿನ್ನೆ ಪೂಜೆಗೆ ಅಂತ ಬಿಸಿಲಲ್ಲಿ ನಿಲ್ಲಿಸಿದ್ದೆ. ಬಾನೆಟ್ ತುಂಬಾ ಜೇಡರ ಬಲೆ ಥರ. ಸೂರ್ಯನ ಬಿಂಬದ ಸುತ್ತ ಚಕ್ರ ಚಕ್ರ. ಶೆಡ್ಡಿಗೆ ತಂದರೆ ಏನೂ ಕಾಣಲ್ಲ.

ಚಿಕ್ಕಪ್ಪ ಶಿವಮೊಗ್ಗ: ಬಿಳಿ ತಗೋ ಅಂತ ಆವಾಗಲೇ ಬಡ್ಕೊಂಡೆ.

ದೊಡ್ಡಪ್ಪ: ಅದು ಈಗ ಯಾಕೆ.

ಚಿಕ್ಕಪ್ಪ ಶಿವಮೊಗ್ಗ: ಸರಿ ಬಿಡು. ಪೇಸ್ಟ್‌ಗೀಸ್ಟ್ ಬೇಡ. ರಬ್ಬಿಂಗ್ ಕಾಂಪೌಂಡ್ ತಗೊಂಡು ಕೈಯಲ್ಲೇ ಗಸಗಸ ಉಜ್ಜು. ನಮ್ಮ ಅಂಬಾಸಡರ್‌ಗೆ ವರ್ಷಕ್ಕೊಂದು ಸಲ ಮಾಡ್ತಿದ್ದೆ. ಬಟ್ಟೆಗೆ ಬಣ್ಣ ಹತ್ತಿತು ಅಂದ್ರೆ ಕೆಲಸ ಸರಿಯಾಯ್ತು ಅಂತ.

ಹುಬ್ಬಳ್ಳಿ ಭಾವ: ನಾ ಹೇಳ್ತೀನಿ ಕೇಳ್ರಿ ಮಾವಾರ. ಎರಡೂ ಬ್ಯಾಡ. ಸೆರಾಮಿಕ್ ಕೋಟಿಂಗ್ ಮಾಡಸ್ರಿ. ನಾ 28 ಸಾವಿರ ಕೊಟ್ಟು ಮಾಡಸೇನಿ. 9ಎಚ್ ಅಂತಾರ ಅದಕ್ಕ. ವಜ್ರ ಇದ್ದಂಗ.

ಸುಮಕ್ಕ: ಭಾವ, ಮೊನ್ನೆ ನಿಮ್ಮ ಕಾರಲ್ಲೇ ಬಂದ್ವಲ್ಲ. ಪೆಟ್ರೋಲ್ ಬಂಕಿನ ಲೈಟ್ ಕೆಳಗೆ ಅದರ ಮೇಲೂ ಇದೇ ಚಕ್ರ ಇತ್ತು.

ಹುಬ್ಬಳ್ಳಿ ಭಾವ: (ಈ ಸಂದೇಶವನ್ನು ಅಳಿಸಲಾಗಿದೆ)

ನಾನು: ದೊಡ್ಡಪ್ಪ, ನಾನು ಮೀಟಿಂಗಲ್ಲಿದ್ದೀನಿ. ಅರ್ಧ ಗಂಟೆ ಏನೂ ಹಚ್ಚಬೇಡಿ. ದಯವಿಟ್ಟು.

ಎರಡು ವರ್ಷದ ಹಿಂದೆ ಬಾಡಿಗೆಗೆ ತಂದ ರೋಟರಿ ಪಾಲಿಷ್ ಮಷಿನ್ ಹಿಡಿದು ನಾನು ನನ್ನ ಹಳೇ ಕಾರಿನ ಬಾನೆಟ್ ಅಂಚನ್ನು ಸುಟ್ಟುಕೊಂಡವಳು. ಅಂಚಿನಲ್ಲಿ ಪೇಂಟ್ ತೆಳ್ಳಗಿರುತ್ತದೆ, ಮೊದಲು ಟೇಪ್ ಅಂಟಿಸಬೇಕು ಎಂದು ಗೊತ್ತಾದದ್ದು ಕೆಳಗಿನ ಪ್ರೈಮರ್ ಕಂಡ ಮೇಲೆ. ಆಮೇಲೆ ಡಿಎ (ಡ್ಯುಯಲ್ ಆ್ಯಕ್ಷನ್) ಪಾಲಿಷರ್ ಕೊಂಡೆ. ಅದರ ಪ್ಯಾಡ್ ತಿರುಗುವುದರ ಜೊತೆಗೆ ಅಲುಗುತ್ತದೆ, ಒಂದೇ ಜಾಗವನ್ನು ಸುಡುವುದು ಕಷ್ಟ. ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಇಲ್ಲಿಯವರೆಗೆ ಆರು ಕಾರು ಮಾಡಿದ್ದೇನೆ, ಯಾರೂ ಬೈದಿಲ್ಲ.

ನಾನು: ವಿಡಿಯೊ ನೋಡಿದೆ. ಮೊದಲ ಅರ್ಧದಲ್ಲಿ ಬಾನೆಟ್ ಮೇಲೆ ಬಿಸಿಲಿದೆ. ಪೇಸ್ಟ್ ಒರೆಸಿದ ಮೇಲೆ ತೋರಿಸುವಾಗ ಮರದ ನೆರಳಿದೆ. ನಿಮ್ಮ ಶೆಡ್ಡಲ್ಲೂ ಗೀರು ಕಾಣಲ್ಲ ಅಂದ್ರಲ್ಲ, ಪೇಸ್ಟೇ ಇಲ್ಲದೆ.

ದೊಡ್ಡಪ್ಪ: ಅದು ಕ್ಯಾಮೆರಾದವನ ತಪ್ಪಿರಬಹುದು. ಪೇಸ್ಟಿನದಲ್ಲ.

ನಾನು: ಪೇಸ್ಟಲ್ಲಿ ಉಜ್ಜುವ ಪುಡಿ ಇರುತ್ತೆ, ಸಿಲಿಕಾವೋ ಸುಣ್ಣಕಲ್ಲಿನ ಪುಡಿಯೋ. ಹಲ್ಲಿಗೆ ಲೆಕ್ಕ ಹಾಕಿ ಹಾಕಿದ್ದು, ಪೇಂಟಿಗಲ್ಲ. ಹಳದಿಯಾದ ಹೆಡ್‌ಲೈಟಿಗೆ ಉಜ್ಜಿದ್ರೆ ಸ್ವಲ್ಪ ದಿನ ತಿಳಿಯಾಗೋದು ನಿಜ.

ದೊಡ್ಡಪ್ಪ: ಕೆಲಸ ಮಾಡುತ್ತೆ ಅಂತ ನೀನೇ ಒಪ್ಪಿಕೊಂಡೆ. ಎಲ್ಲರೂ ಗಮನಿಸಿ.

ಚಿಕ್ಕಪ್ಪ ಶಿವಮೊಗ್ಗ: ಕಾಂಪೌಂಡೂ ಉಜ್ಜೋದೇ ತಾನೇ? ನನ್ನದರಲ್ಲೇನು ತಪ್ಪು?

ನಾನು: ಚಿಕ್ಕಪ್ಪ, ನಿಮ್ಮದು ಮುಕ್ಕಾಲು ಸರಿ. ಅಂಬಾಸಡರ್‌ಗೆ ಬಣ್ಣದ ಮೇಲೆ ಬೇರೆ ಪದರ ಇರಲಿಲ್ಲ, ಬಟ್ಟೆಗೆ ಬಣ್ಣ ಹತ್ತಿದ್ರೆ ಒಳ್ಳೇ ಲಕ್ಷಣ. ಈಗಿನ ಕಾರಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಬಣ್ಣವಿಲ್ಲದ ಪದರ ಇದೆ. ಸುಮಾರು 40 ಮೈಕ್ರಾನ್, ನಮ್ಮ ತಲೆಗೂದಲಿನಷ್ಟೂ ದಪ್ಪ ಇಲ್ಲ. ಬಿಸಿಲು ತಡೆಯೋದು ಅದೇ. ಈ ಜೇಡರ ಬಲೆ ಇರೋದೂ ಅದರಲ್ಲೇ. ಗೀರಿನ ಆಳದಷ್ಟು ಅದನ್ನ ಸವೆಸಿ ಸಮ ಮಾಡೋದೇ ಪಾಲಿಷ್. ದೊಡ್ಡಪ್ಪನ ಕಾರಲ್ಲಿ ಬಟ್ಟೆ ಕಪ್ಪಾಯ್ತು ಅಂದ್ರೆ ಆ ಪದರ ಹರಿದು ಬಣ್ಣಕ್ಕೆ ಬಂದ್ರಿ ಅಂತ. ಆಮೇಲೆ ಪೇಂಟೇ ಹೊಡೆಸಬೇಕು.

ಚಿಕ್ಕಪ್ಪ ಶಿವಮೊಗ್ಗ: ಮುಕ್ಕಾಲು ಸರಿ. ಹಾಂ. ಸ್ಕ್ರೀನ್‌ಶಾಟ್ ತೆಗೆದಿಟ್ಟೆ.

ಹುಬ್ಬಳ್ಳಿ ಭಾವ: ಹಂಗಾರ ನನ್ನ 28 ಸಾವಿರ?

ನಾನು: ಭಾವ, ಕೋಟಿಂಗ್ ಮುಂಚೆ ಪಾಲಿಷ್ ಮಾಡಿದ್ರಾ?

ಹುಬ್ಬಳ್ಳಿ ಭಾವ: ಮುಂಜಾನೆ ಕೊಟ್ಟೆ, ಮಧ್ಯಾಹ್ನ ಊಟದ ಹೊತ್ತಿಗೆ ಕೊಟ್ರು.

ನಾನು: ಹಾಗಾದ್ರೆ ಇದ್ದ ಗೀರಿನ ಮೇಲೇ ಬಳಿದಿದ್ದಾರೆ. ಕೋಟಿಂಗ್ ಗೀರು ತೆಗೆಯಲ್ಲ. 9ಎಚ್ ಅನ್ನೋದು ಪೆನ್ಸಿಲ್ ಅಳತೆ. ಎಚ್‌ಬಿ, 2ಎಚ್ ಅಂತ ಇರುತ್ತಲ್ಲ, ಅದೇ ಸಾಲಿನ ಗಟ್ಟಿ ಪೆನ್ಸಿಲ್. ರಸ್ತೆ ಧೂಳಿನ ಮರಳು ಅದಕ್ಕಿಂತ ಗಟ್ಟಿ. ನೀರು ಜಾರುತ್ತೆ, ತೊಳೆಯೋದು ಸುಲಭ, ಅಷ್ಟು ಲಾಭ ಇದೆ.

ಹುಬ್ಬಳ್ಳಿ ಭಾವ: ಪೆನ್ಸಿಲ್ಲಾ! ವಜ್ರ ಅಂದಿದ್ದನಲ್ಲವಾ ಅಂವಾ.

ಇಲ್ಲಿಯವರೆಗೆ ಓದಿಯೂ ಸುಮ್ಮನಿದ್ದವರು ದೊಡ್ಡಮ್ಮ. ಎರಡು ನೀಲಿ ಟಿಕ್ ಬೆಳಿಗ್ಗೆಯೇ ಬಿದ್ದಿದ್ದವು.

ದೊಡ್ಡಪ್ಪ: ಅದೆಲ್ಲ ಇರಲಿ. ಗೀರು ಆದರೆ ಉದ್ದಕ್ಕಿರಬೇಕು. ಇದು ಚಕ್ರಾಕಾರ. ಯಾರೂ ಕಾರಿನ ಮೇಲೆ ಚಕ್ರ ಬಿಡಿಸಿಲ್ಲ. ಇದು ಪೇಂಟಿನದೇ ದೋಷ, ಕಂಪನಿಗೆ ಪತ್ರ ಬರೆಯುತ್ತೇನೆ.

ನಾನು: ಬರೆಯೋ ಮುಂಚೆ ಒಂದು ಕೆಲಸ ಮಾಡಿ. ದಿನಾ ಊಟ ಮಾಡೋ ಸ್ಟೀಲ್ ತಟ್ಟೆಯನ್ನ ಬಲ್ಬ್ ಕೆಳಗೆ ಹಿಡೀರಿ. ಅಲ್ಲೂ ಚಕ್ರ ಕಾಣುತ್ತೆ. ಗೀರು ಎಲ್ಲಾ ದಿಕ್ಕಿಗೂ ಇರುತ್ತೆ, ಬೆಳಕಿಗೆ ಅಡ್ಡ ಬಂದವು ಮಾತ್ರ ಮಿಂಚುತ್ತೆ. ಅದಕ್ಕೇ ಬಲ್ಬಿನ ಸುತ್ತ ಸುತ್ತಿದ ಹಾಗೆ.

ದೊಡ್ಡಮ್ಮ: ನೋಡಿದೆ. ಹೌದು ಕಣೇ. ತಟ್ಟೆ ಜರುಗಿಸಿದರೂ ಚಕ್ರ ಬಲ್ಬಿನ ಹಿಂದೆಯೇ ಬರುತ್ತೆ. ಲೋಟದಲ್ಲಿ ಕಾಣಲ್ಲ.

ದೊಡ್ಡಮ್ಮ: ಕಾರಿಗೆ ತಟ್ಟೆ ಉಜ್ಜೋ ನಾರು ಯಾರು ಹಾಕಿದ್ದು ಅಂತ ಕೇಳು. ನಾನಲ್ಲ.

ನಾನು: ದೊಡ್ಡಪ್ಪ, ದಿನಾ ಯಾವುದರಲ್ಲಿ ಒರೆಸ್ತೀರಿ?

ದೊಡ್ಡಪ್ಪ: ಹತ್ತಿ ಪಂಚೆ. ಹನ್ನೆರಡು ವರ್ಷದ್ದು. ಮಗುವಿನ ಕೆನ್ನೆ ಒರೆಸಬಹುದು, ಅಷ್ಟು ಮೆತ್ತಗಿದೆ.

ದೊಡ್ಡಮ್ಮ: ದಿನಾ ಬೆಳಿಗ್ಗೆ 6 ಗಂಟೆಗೆ. ಒಣಗಲ್ಲೇ. ನೀರು ಉಳಿಸ್ತಾರಂತೆ. ಎದುರಿನ ರಸ್ತೆ ಚರಂಡಿಗೆ ಅಂತ ಅಗೆದು ಆರು ತಿಂಗಳಾಯ್ತು, ಕಾರಿನ ಮೇಲೆ ರಂಗೋಲಿ ಹಾಕಬಹುದು ಅಷ್ಟು ಧೂಳು.

ಸುಮಕ್ಕ: ಓಹೋ.

ನಾನು: ಪಂಚೆ ಗೀರಲ್ಲ ದೊಡ್ಡಪ್ಪ. ಪಂಚೆ ಕೆಳಗಿನ ಮರಳು ಗೀರುತ್ತೆ. ಒಣ ಧೂಳಿನ ಮೇಲೆ ಬಟ್ಟೆ ಎಳೆದ್ರೆ ಉಪ್ಪುಕಾಗದದ ಹಾಗೆ. ನಿನ್ನೆ ವಿಭೂತಿಯನ್ನೂ ಹಾಗೇ ಒರೆಸಿದ್ರಾ?

ದೊಡ್ಡಪ್ಪ: ಇನ್ನು ವಿಭೂತಿಯ ಮೇಲೂ ಕೇಸು ಹಾಕು. ನಾನು ಇಷ್ಟು ಪ್ರೀತಿಯಿಂದ ನೋಡಿಕೊಂಡಿದ್ದಕ್ಕೆ ನಾನೇ ಅಪರಾಧಿ. ಚರ್ಚೆ ಮುಗಿಯಿತು.

ಮುಗಿಯಲಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ದೊಡ್ಡಮ್ಮ ಒಂದು ಫೋಟೊ ಹಾಕಿದರು. ಡಿಕ್ಕಿಯ ಬಲ ಮೂಲೆ, ಅಂಗೈಯಗಲ ಜಾಗ. ಸುತ್ತಲೂ ಕನ್ನಡಿಯ ಹಾಗೆ ದೊಡ್ಡಮ್ಮನ ಸೀರೆ ಕಾಣುತ್ತಿದೆ. ಆ ಅಂಗೈಯಗಲದಲ್ಲಿ ಮಾತ್ರ ಸೀರೆ ಇಲ್ಲ, ಬಾಯಿಯ ಹಬೆ ಊದಿದ ಹಾಗೆ ಮಬ್ಬು. ನಂಬರ್ ಪ್ಲೇಟಿನ ಸಂದಿಯಲ್ಲಿ ಬಿಳಿ ಪೇಸ್ಟ್ ಒಣಗಿ ನಿಂತಿದೆ.

ದೊಡ್ಡಮ್ಮ: ವಿಡಿಯೊ ಬಂದದ್ದು ನಿನ್ನೆ ರಾತ್ರಿ. ಗುಂಪಿಗೆ ಹಾಕಿದ್ದು ಇವತ್ತು. ಮಧ್ಯೆ ಏನು ನಡೀತು ಅಂತ ಯಾರೂ ಕೇಳಲಿಲ್ಲ.

ಹುಬ್ಬಳ್ಳಿ ಭಾವ: ಮಾವಾರು ಪ್ರಯೋಗ ಮಾಡಿ ಆಮ್ಯಾಲ ಉಪದೇಶ ಮಾಡ್ಯಾರ. ನಾ ಹಂಗಲ್ಲ, ರೊಕ್ಕ ಕೊಟ್ಟು ಆಮ್ಯಾಲ ಮಾಡೇನಿ.

ದೊಡ್ಡಪ್ಪ: ಹಿಂದುಗಡೆ ಹಾಕಿ ನೋಡಿದೆ. ಮುಂದೆ ಹಾಕಲಿಲ್ಲ. ಅಷ್ಟು ಬುದ್ಧಿ ನನಗಿದೆ.

ನಾನು: ಅದು ನಿಜಕ್ಕೂ ಬುದ್ಧಿವಂತಿಕೆ ದೊಡ್ಡಪ್ಪ, ಚಿಕ್ಕ ಜಾಗದಲ್ಲಿ ಪರೀಕ್ಷೆ ಮಾಡೋದೇ ಮೊದಲ ಪಾಠ. ಮಬ್ಬಿನ ಮೇಲೆ ಉಗುರು ಅಡ್ಡ ಆಡಿಸಿ. ಸಿಕ್ಕಿಕೊಳ್ಳುತ್ತಾ?

ದೊಡ್ಡಪ್ಪ: ಇಲ್ಲ. ಜಾರುತ್ತದೆ.

ನಾನು: ಹಾಗಾದ್ರೆ ಹೋಗುತ್ತೆ. ಭಾನುವಾರ ಬರ್ತೀನಿ. ಶೆಡ್ಡಲ್ಲೇ ನಿಲ್ಲಿಸಿ, ಬಿಸಿ ಬಾನೆಟ್ ಮೇಲೆ ಪಾಲಿಷ್ ಒಣಗಿಬಿಡುತ್ತೆ. ಮೊದಲು ತೊಳೆಯೋದು, ಕ್ಲೇ ಅಂತ ಮೆತ್ತನೆ ಜೇಡಿಮಣ್ಣಿನಂಥ ಉಂಡೆ ಉಜ್ಜಿ ಅಂಟಿದ ಕೊಳೆ ತೆಗೆಯೋದು, ಆಮೇಲೆ ಮಷಿನ್. ಒಂದೊಂದು ಸಲಕ್ಕೆ ಎರಡಡಿ ಜಾಗ. ಅಲ್ಲಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ನೀರಲ್ಲಿ ಬೆರೆಸಿ ಒರೆಸಿ ಟಾರ್ಚ್ ಬಿಟ್ಟು ನೋಡಬೇಕು, ಪಾಲಿಷಿನ ಎಣ್ಣೆ ಗೀರು ಮುಚ್ಚಿ ಮೋಸ ಮಾಡುತ್ತೆ. ಪೂರ್ತಿ ದಿನದ ಕೆಲಸ. ಆಳದ ಒಂದೆರಡು ಗೀರು ಬಿಟ್ಟುಬಿಡ್ತೀನಿ, ಅದಕ್ಕೋಸ್ಕರ ಕ್ಲಿಯರ್ ಕೋಟ್ ಖರ್ಚು ಮಾಡಲ್ಲ.

ಚಿಕ್ಕಪ್ಪ ಶಿವಮೊಗ್ಗ: ನಾನೂ ಬರ್ತೀನಿ. ಮುಕ್ಕಾಲು ಗೊತ್ತಿರೋನು ಒಬ್ಬ ಇರಬೇಕು.

ನಾನು: ಒಂದೇ ಷರತ್ತು. ಆವತ್ತಿಂದ ಒಣ ಒರೆಸುವಂತಿಲ್ಲ. ಧೂಳಿದ್ರೆ ಇರಲಿ. ವಾರಕ್ಕೊಮ್ಮೆ ಮೊದಲು ಪೈಪಿನ ನೀರು ಬಿಟ್ಟು, ಆಮೇಲೆ ಎರಡು ಬಕೆಟ್. ಒಂದರಲ್ಲಿ ಶಾಂಪೂ, ಇನ್ನೊಂದು ಬಟ್ಟೆ ಅದ್ದಿ ಮಣ್ಣು ಬಿಡೋಕೆ.

ದೊಡ್ಡಪ್ಪ: ಧೂಳು ಹೊತ್ತ ಕಾರನ್ನು ದಿನಾ ಬೆಳಿಗ್ಗೆ ನೋಡುತ್ತಾ ಕೂರಬೇಕೇ?

ನಾನು: ಹೌದು.

ಈ ‘ಹೌದು’ಗೆ ರಾತ್ರಿ 9.40ರವರೆಗೆ ಉತ್ತರವಿಲ್ಲ.

ದೊಡ್ಡಪ್ಪ: ಬರುವಾಗ ಆ ಮೈಕ್ರೋಫೈಬರ್ ಬಟ್ಟೆ ನಾಲ್ಕು ತಾ. ದುಡ್ಡು ಕೊಡುತ್ತೇನೆ. ಪಂಚೆ ನಿನ್ನ ದೊಡ್ಡಮ್ಮ ಆಗಲೇ ಹರಿದು ಮಸಿಬಟ್ಟೆ ಮಾಡಿದ್ದಾಳೆ.