ಸ್ತನ ಕ್ಯಾನ್ಸರ್‌ಗೆ ಒಳಗಿನಿಂದ ಕೊಡುವ ವಿಕಿರಣ: ಆ ಐದು ದಿನಗಳು ಹೇಗಿರುತ್ತವೆ?

ಪ್ರಶ್ನೆ

ನಮಸ್ಕಾರ. ನನ್ನ ಅಕ್ಕನಿಗೆ ಈಗ 58 ವರ್ಷ. ಅವರ ಎಡ ಸ್ತನದಲ್ಲಿದ್ದ ಸುಮಾರು ಒಂದೂವರೆ ಸೆಂಟಿಮೀಟರ್ ಗಡ್ಡೆಯನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದಿದ್ದಾರೆ. ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿಲ್ಲ, ಕಂಕುಳ ಗ್ರಂಥಿಗಳಿಗೂ ಹರಡಿಲ್ಲ ಎಂದು ವರದಿ ಬಂದಿದೆ. ಇಡೀ ಸ್ತನಕ್ಕೆ ವಾರಗಟ್ಟಲೆ ಹೊರಗಿನಿಂದ ವಿಕಿರಣ ಕೊಡುವ ಬದಲು, ಗಡ್ಡೆ ಇದ್ದ ಜಾಗದಲ್ಲಿ ಬಲೂನು ಇಟ್ಟು ಐದೇ ದಿನಗಳಲ್ಲಿ ಬ್ರೇಕಿಥೆರಪಿ, ಅಂದರೆ ಒಳಗಿನಿಂದ ಕೊಡುವ ವಿಕಿರಣ, ಮುಗಿಸಬಹುದು ಎಂದು ವೈದ್ಯರು ಹೇಳಿದ್ದಾರೆ. ನೋವು ಎಷ್ಟಿರುತ್ತದೆ, ಮನೆಯಲ್ಲಿರುವ ಮೂರು ವರ್ಷದ ಮೊಮ್ಮಗಳನ್ನು ಅವರಿಂದ ದೂರ ಇಡಬೇಕೇ, ಫಲಿತಾಂಶ ಹೊರಗಿನ ವಿಕಿರಣದಷ್ಟೇ ಒಳ್ಳೆಯದೇ ಎಂಬ ಮೂರು ಪ್ರಶ್ನೆಗಳು ನಮ್ಮನ್ನು ಕಾಡುತ್ತಿವೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಇದೇ ಚಿಕಿತ್ಸೆ ಪಡೆದವರಿಂದ

ನಿಮ್ಮ ಅಕ್ಕನವರು ವಿಕಿರಣಕ್ಕಿಂತ ಹೆಚ್ಚಾಗಿ ಸಿದ್ಧರಾಗಬೇಕಾದದ್ದು ಬಲೂನಿನ ಜೊತೆ ಮೈಯಲ್ಲಿ ಉಳಿಯುವ ಕೊಳವೆಗೆ ಎಂಬುದನ್ನು ನಾನು ಮೊದಲೇ ಹೇಳಿಬಿಡುತ್ತೇನೆ. ವಿಕಿರಣ ಕೊಡುವಾಗ ನನಗೆ ಏನೂ ತಿಳಿಯಲಿಲ್ಲ. ಬಿಸಿಯೂ ಇಲ್ಲ, ಉರಿಯೂ ಇಲ್ಲ. ಬಲೂನನ್ನು ಒಳಗಿಡುವಾಗ ಆ ಜಾಗವನ್ನು ಮರಗಟ್ಟಿಸಿ, ಅಲ್ಟ್ರಾಸೌಂಡ್ ನೋಡುತ್ತಾ ಚಿಕ್ಕ ಗಾಯದ ಮೂಲಕ ತೂರಿಸಿ, ಅನಂತರ ಲವಣದ ನೀರು ತುಂಬಿ ಉಬ್ಬಿಸಿದರು. ಆಗ ಒಳಗಿನಿಂದ ಒತ್ತಿದಂತಾಯಿತು. ಕೊಳವೆಯ ತುದಿ ಹೊರಗೇ ಇದ್ದದ್ದರಿಂದ, ರಾತ್ರಿ ಆ ಮಗ್ಗುಲಿಗೆ ಮಲಗಲು ಆಗಲಿಲ್ಲ. ಬಟ್ಟೆಗೆ ಸಿಕ್ಕಿ ಎಳೆಯದಂತೆ ನೋಡಿಕೊಳ್ಳಬೇಕಾಗಿತ್ತು, ತಲೆಯ ಮೇಲಿಂದ ತೊಡುವ ಉಡುಪೆಲ್ಲ ಬದಿಗಿಟ್ಟು ಮುಂದೆ ಗುಂಡಿ ಇರುವ ಸಡಿಲ ಅಂಗಿಗಳನ್ನೇ ಹಾಕಿಕೊಂಡೆ. ಕೊಳವೆ ತೆಗೆಯುವವರೆಗೂ ತಲೆಗೆ ನೀರು ಹಾಕಿಕೊಂಡು ಸ್ನಾನ ಮಾಡುವಂತಿರಲಿಲ್ಲ, ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳುವುದಷ್ಟೇ. ಗಾಯದ ಬಾಯಿಂದ ಸ್ವಲ್ಪ ನೀರಿನಂಥ ದ್ರವ ಒಸರುತ್ತಿತ್ತು. ಅದು ಸಾಮಾನ್ಯವೆಂದು ಮೊದಲೇ ಗೊತ್ತಿದ್ದರೆ ಗಾಬರಿಯಾಗುವುದಿಲ್ಲ. ಆದರೆ ಜ್ವರ, ಹೆಚ್ಚುತ್ತಾ ಹೋಗುವ ಕೆಂಪು, ಕೀವು ಅಥವಾ ದುರ್ವಾಸನೆ ಕಂಡರೆ ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ. ಕೊನೆಯ ದಿನ ಬಲೂನನ್ನು ಕುಗ್ಗಿಸಿ ಎಳೆದು ತೆಗೆದದ್ದು ಕೆಲವೇ ಕ್ಷಣಗಳ ನೋವು. ಅದಕ್ಕೆ ಸ್ವಲ್ಪ ಮುಂಚೆ ನೋವಿನ ಮಾತ್ರೆ ಕೊಡಲು ಕೇಳಿ.

ಉತ್ತರ: ವಿಕಿರಣ ವಿಭಾಗದಲ್ಲಿ ಕೆಲಸ ಮಾಡುವವರಿಂದ

ಮೊಮ್ಮಗಳ ವಿಷಯದಲ್ಲಿ ನಿಶ್ಚಿಂತೆಯಿಂದಿರಿ. ಬಲೂನಿನೊಳಗೆ ವಿಕಿರಣ ವಸ್ತು ಸದಾ ಇರುವುದಿಲ್ಲ. ಸಾಮಾನ್ಯವಾಗಿ ಬಳಸುವ ಇರಿಡಿಯಂ-192 ಎಂಬ ವಿಕಿರಣಶೀಲ ಲೋಹದ ಒಂದು ಸಣ್ಣ ತುಣುಕು ತಂತಿಯ ತುದಿಯಲ್ಲಿ, ದಪ್ಪ ಗೋಡೆಯ ಯಂತ್ರದೊಳಗೆ ಭದ್ರವಾಗಿರುತ್ತದೆ. ಚಿಕಿತ್ಸೆಯ ಹೊತ್ತಿಗೆ ಕೊಳವೆಯನ್ನು ಯಂತ್ರಕ್ಕೆ ಜೋಡಿಸಿ, ಸಿಬ್ಬಂದಿಯೆಲ್ಲ ಹೊರಗೆ ಹೋದ ಮೇಲೆ ಆ ತಂತಿ ಬಲೂನಿನೊಳಗೆ ಹೋಗಿ, ಯೋಜಿಸಿದ ಕ್ಷಣಗಳಷ್ಟು ನಿಂತು, ಮತ್ತೆ ಯಂತ್ರಕ್ಕೇ ಮರಳುತ್ತದೆ. ಅದು ಮರಳಿದ ಮೇಲೆ ರೋಗಿಯ ದೇಹದಲ್ಲಿ ವಿಕಿರಣ ಉಳಿದಿರುವುದಿಲ್ಲ, ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಬಹುದು. ಕೊಳವೆಯನ್ನು ಅದು ಎಳೆಯದಂತೆ ಜಾಗ್ರತೆ ವಹಿಸಿದರೆ ಸಾಕು. ಸಣ್ಣ ವಿಕಿರಣ ಬೀಜಗಳನ್ನು ಶಾಶ್ವತವಾಗಿ ಒಳಗೇ ಬಿಡುವ ಬೇರೊಂದು ವಿಧಾನವಿದೆ, ಅದರ ನಿಯಮಗಳು ಬೇರೆ. ಆದ್ದರಿಂದ ನಿಮ್ಮ ಅಕ್ಕನವರಿಗೆ ಸೂಚಿಸಿರುವುದು ಯಾವುದೆಂದು ಒಮ್ಮೆ ಖಚಿತಪಡಿಸಿಕೊಳ್ಳಿ.

ಬಲೂನಿನ ಚಿಕಿತ್ಸೆಯಲ್ಲಿ ಸಾಮಾನ್ಯ ಕ್ರಮವೆಂದರೆ ಒಟ್ಟು 34 ಗ್ರೇ (ವಿಕಿರಣವನ್ನು ಅಳೆಯುವ ಮಾನ) ವಿಕಿರಣವನ್ನು 10 ಬಾರಿಗೆ ಹಂಚಿ, ದಿನಕ್ಕೆ ಎರಡು ಬಾರಿ, ನಡುವೆ ಕನಿಷ್ಠ 6 ಗಂಟೆ ಅಂತರವಿಟ್ಟು ಕೊಡುವುದು. ಈ ಅಂತರದಲ್ಲಿ ಆರೋಗ್ಯವಂತ ಜೀವಕೋಶಗಳು ತಮ್ಮ ಹಾನಿಯನ್ನು ಸರಿಪಡಿಸಿಕೊಳ್ಳುತ್ತವೆ. ತಂತಿ ಒಳಗಿರುವುದು ಕೆಲವು ನಿಮಿಷ ಮಾತ್ರವಾದರೂ ಬಲೂನಿನ ಅಳತೆ ಮತ್ತು ಸ್ಥಾನ ಸರಿಯಿದೆಯೇ ಎಂದು ಪರೀಕ್ಷಿಸಲು ಹೆಚ್ಚು ಹೊತ್ತು ಬೇಕಾಗುತ್ತದೆ. ಬಲೂನು ಚರ್ಮಕ್ಕೆ ತೀರಾ ಹತ್ತಿರವಿದ್ದರೆ ಅಥವಾ ಗಡ್ಡೆ ತೆಗೆದ ಕುಹರಕ್ಕೆ ಸರಿಯಾಗಿ ಹೊಂದಿಕೊಳ್ಳದಿದ್ದರೆ ಈ ಯೋಜನೆಯನ್ನೇ ಕೈಬಿಡಬೇಕಾಗಬಹುದು. ಈ ಸಾಧ್ಯತೆಯನ್ನು ಮನೆಯವರಿಗೆ ಮೊದಲೇ ಹೇಳುವುದು ಒಳ್ಳೆಯದೆಂದು ನನ್ನ ಬಲವಾದ ಅಭಿಪ್ರಾಯ.

ಫಲಿತಾಂಶದ ಬಗ್ಗೆ ಹೇಳುವಾಗ ಒಂದು ಭೇದವನ್ನು ಗಮನಿಸಬೇಕು. ಯುರೋಪಿನಲ್ಲಿ 1,184 ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ ಹತ್ತು ವರ್ಷಗಳ ನಂತರ ಅದೇ ಸ್ತನದಲ್ಲಿ ರೋಗ ಮರುಕಳಿಸಿದ್ದು ಬ್ರೇಕಿಥೆರಪಿ ಗುಂಪಿನಲ್ಲಿ ಶೇ. 3.51, ಇಡೀ ಸ್ತನಕ್ಕೆ ವಿಕಿರಣ ಪಡೆದ ಗುಂಪಿನಲ್ಲಿ ಶೇ. 1.58. ವ್ಯತ್ಯಾಸ ಸಣ್ಣದು, ಅಧ್ಯಯನ ಮೊದಲೇ ಒಪ್ಪಿಕೊಂಡಿದ್ದ ಮಿತಿಯೊಳಗೇ ಇದೆ. ಆದರೆ ಅಲ್ಲಿ ಬಳಸಿದ್ದು ಬಲೂನನ್ನಲ್ಲ, ಹಲವು ತೆಳು ಕೊಳವೆಗಳನ್ನು ಸ್ತನದ ಮೂಲಕ ಹಾಯಿಸುವ ವಿಧಾನವನ್ನು. ಇನ್ನೊಂದು ವಿಷಯವೆಂದರೆ, ಹೊರಗಿನ ವಿಕಿರಣವನ್ನೂ ಈಗ ಅನೇಕ ಕಡೆ ಮೂರು ವಾರಕ್ಕೆ, ಕೆಲವರಿಗೆ ಐದು ದಿನಗಳಿಗೂ ಇಳಿಸಿದ್ದಾರೆ. ಹಾಗಾಗಿ ಸಮಯ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಒಪ್ಪಿಕೊಳ್ಳದೆ, ಎಡ ಸ್ತನವಾದ್ದರಿಂದ ಹೃದಯಕ್ಕೆ ತಗಲುವ ಪ್ರಮಾಣ ಎರಡು ವಿಧಾನಗಳಲ್ಲಿ ಎಷ್ಟೆಷ್ಟು ಎಂದು ವೈದ್ಯರನ್ನು ಕೇಳಿ.

ಪ್ರಶ್ನಿಸಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೊಮ್ಮಗಳ ವಿಷಯ ಓದಿ ಹೇಳಿದಾಗ ಅಕ್ಕನ ಮುಖ ಅರಳಿತು. ಇನ್ನೊಂದೇ ಪ್ರಶ್ನೆ: ಚಿಕಿತ್ಸೆ ಮುಗಿದು ತಿಂಗಳುಗಳಾದ ಮೇಲೆ ಅಲ್ಲಿ ಗಟ್ಟಿ ಏನಾದರೂ ಕೈಗೆ ಸಿಕ್ಕರೆ ಅದು ರೋಗವೇ ಎಂದುಕೊಳ್ಳಬೇಕೇ?

ಉತ್ತರ: ಇದೇ ಚಿಕಿತ್ಸೆ ಪಡೆದವರಿಂದ

ಹಾಗೇನೂ ಇಲ್ಲ. ಬಲೂನು ಇದ್ದ ಜಾಗದಲ್ಲಿ ದ್ರವ ತುಂಬಿಕೊಂಡು ತಿಂಗಳುಗಟ್ಟಲೆ ಉಳಿಯಬಹುದು, ಕೊಬ್ಬಿನ ಭಾಗ ಸತ್ತು ಗಂಟಾಗಬಹುದು, ಚರ್ಮದ ಮೇಲೆ ಸಣ್ಣ ಕೆಂಪು ರಕ್ತನಾಳಗಳು ಕಾಣಿಸಿಕೊಳ್ಳಬಹುದು. ನನಗೂ ಗಟ್ಟಿ ಭಾಗ ಇದೆ. ಆದರೆ ಯಾವ ಗಂಟು ಯಾವುದೆಂದು ಬೆರಳಿನಿಂದ ತೀರ್ಮಾನಿಸಲು ಆಗುವುದಿಲ್ಲವಾದ್ದರಿಂದ, ಹೊಸದಾಗಿ ಏನೇ ಸಿಕ್ಕರೂ ವೈದ್ಯರಿಗೆ ತೋರಿಸಿ, ನಿಗದಿಯಾದ ಮ್ಯಾಮೊಗ್ರಾಮ್‌ಗಳನ್ನು ಒಂದನ್ನೂ ತಪ್ಪಿಸಬೇಡಿ.