ಪೇಸ್‌ಮೇಕರ್ ಇರುವ ಕಡೆ ನರ (ರಕ್ತನಾಳ) ಮುಚ್ಚಿದೆ, ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಕಾರಟಗಿಯವ:
ನಮ್ಮ ಅವ್ವನಿಗೆ 66. ಹಾರ್ಟ್ ಬ್ಲಾಕ್ (ಹೃದಯದೊಳಗಿನ ಕರೆಂಟು ಸರಿಯಾಗಿ ಹರಿಯದ ತೊಂದರೆ) ಅಂತ ಒಂಬತ್ತು ವರ್ಷದ ಹಿಂದೆ ಎಡಗಡೆ ಎರಡು ವೈರಿನ ಪೇಸ್‌ಮೇಕರ್ ಹಾಕಿಸಿದ್ದೆವು. ಈಗ ಬ್ಯಾಟರಿ ಮುಗಿಯುತ್ತಾ ಬಂದಿದೆ. ಎಕೋ ಸ್ಕ್ಯಾನಿನಲ್ಲಿ ಹೃದಯದ ಪಂಪಿಂಗ್ 35 ಪರ್ಸೆಂಟಿಗೆ ಇಳಿದಿದೆ. ಬ್ಯಾಟರಿ ಜೊತೆಗೆ ಮೂರನೇ ವೈರ್ ಹಾಕಿ, ಹೃದಯದ ಎರಡೂ ಕಡೆ ಒಟ್ಟಿಗೆ ಬಡಿಯುವಂತೆ ಮಾಡುವ ಸಿಆರ್‌ಟಿ ಮಾಡೋಣ ಅಂದರು. ಎಕ್ಸ್‌ರೇಯಲ್ಲಿ ನರ ಕಾಣಲಿ ಅಂತ ಎಡಗೈಗೆ ಡೈ ಬಿಟ್ಟು ನೋಡಿದರೆ ಕಾಲರ್ ಬೋನ್ ಕೆಳಗಿನ ನರ ಹೆಚ್ಚುಕಮ್ಮಿ ಮುಚ್ಚಿದೆ. ಕೈ ಬಾತಿಲ್ಲ, ನೋವಿಲ್ಲ. ಬಲೂನ್ ಹಾಕಿ ದಾರಿ ಮಾಡಬಹುದು, ಹಳೇ ವೈರ್ ಕಿತ್ತು ಅದೇ ದಾರಿಯಲ್ಲಿ ಹೋಗಬಹುದು, ಇಲ್ಲಾ ಬಲಗಡೆಯಿಂದ ಹೋಗಬಹುದು, ಮನೆಯಲ್ಲಿ ಮಾತಾಡಿಕೊಂಡು ಬನ್ನಿ ಅಂದಿದ್ದಾರೆ. ಬಿಪಿಎಲ್ ಕಾರ್ಡ್ ಇದೆ. ಇದನ್ನು ದಾಟಿದವರು ದಯವಿಟ್ಟು ಹೇಳಿ.

ತೋರಣಗಲ್ಲು ಶಿಫ್ಟ್:
ನಂದು ಶಾಕ್ ಕೊಡುವ ಮಷೀನು, ಐಸಿಡಿ. ಒಳಗಿನ ವೈರ್ ಮುರಿದು ಸುಮ್ನೆ ಸುಮ್ನೆ ಶಾಕ್ ಹೊಡೆಯಿತು. ಡ್ಯೂಟಿಯಲ್ಲೇ ಬಿದ್ದೆ. ಹೊಸ ವೈರ್ ಹಾಕಬೇಕು ಅಂತ ಟೇಬಲ್ ಮೇಲೆ ಮಲಗಿಸಿ, ಎದೆ ಕೊಯ್ದ ಮೇಲೆ ಸೂಜಿ ಚುಚ್ಚಿ ಚುಚ್ಚಿ ನೋಡಿ, ಆಮೇಲೆ ಡೈ ಬಿಟ್ಟರು. ನರ ಬಂದ್. ಹಾಗೇ ಹೊಲಿಗೆ ಹಾಕಿ ವಾರ್ಡಿಗೆ ಕಳಿಸಿದರು. ಏನೂ ಮಾಡದ ಆ ಆಪರೇಷನ್ನಿಗೆ ಬಿಲ್ 78,400. ಅದರಲ್ಲಿ ಕ್ಯಾತ್ ಲ್ಯಾಬ್ (ಎಕ್ಸ್‌ರೇ ನೋಡುತ್ತಾ ಹೃದಯದ ಕೆಲಸ ಮಾಡುವ ಕೋಣೆ) ಬಾಡಿಗೆಯೇ 35,000. ನಿಮ್ಮವರು ಮೊದಲೇ ಡೈ ಬಿಟ್ಟು ನೋಡಿದ್ದಾರಲ್ಲ, ಅಷ್ಟು ಪುಣ್ಯ.

ಆಮೇಲೆ ಬೇರೆ ಕಡೆ ಹೋದೆ. ಅವರು ಬಲಗಡೆಯಿಂದ ವೈರ್ ಇಳಿಸಿ, ಎದೆಯ ಚರ್ಮದ ಕೆಳಗೆ ಅಡ್ಡ ಹಾಯಿಸಿ, ಎಡಗಡೆ ಇದ್ದ ಮಷೀನಿಗೇ ತಂದು ಜೋಡಿಸಿದರು. ಮುರಿದ ವೈರಿಗೆ ಟೋಪಿ ಹಾಕಿ ಒಳಗೇ ಬಿಟ್ಟರು. ಒಟ್ಟು 2,65,000. ತೆಳ್ಳಗಿನ ಮೈ ನಂದು, ಚರ್ಮದ ಕೆಳಗೆ ವೈರ್ ಕೈಗೆ ಸಿಗುತ್ತದೆ. ಬೇಸಿಗೆಯಲ್ಲಿ ಬೆವರಿಗೆ ತುರಿಸುತ್ತದೆ. ಆದರೂ ಡ್ಯೂಟಿ ಮಾಡುತ್ತಿದ್ದೇನೆ. ವೆಲ್ಡಿಂಗ್ ಕಡೆ ಬಿಡುವುದಿಲ್ಲ, ಸ್ಟೋರಿಗೆ ಹಾಕಿದ್ದಾರೆ. ಓವರ್‌ಟೈಮ್ ಇಲ್ಲ, ತಿಂಗಳಿಗೆ ಒಂಬತ್ತು ಸಾವಿರ ಪಗಾರ ಕಡಿಮೆ. ಈ ಲೆಕ್ಕ ಯಾವ ದವಾಖಾನೆಯ ಬಿಲ್ಲಿನಲ್ಲೂ ಬರಲ್ಲ.

ಸಿಂಧನೂರು ಅಡತ್:
ಬಲಗಡೆಯಿಂದ ಹೋಗುವುದು ಅಂದರೆ ಕಷ್ಟವನ್ನು ಮುಂದಿನ ಬ್ಯಾಟರಿಗೆ ಮುಂದೂಡುವುದು. ಎಡಗಡೆ ಸತ್ತ ವೈರ್, ಬಲಗಡೆ ಹೊಸ ವೈರ್. ಎರಡೂ ಕಡೆಯ ನರ ಹೋಗಿ ಸೇರುವುದು ಮೇಲಿನ ಒಂದೇ ದೊಡ್ಡ ನರಕ್ಕೆ. ಅದೂ ಕಟ್ಟಿಕೊಂಡರೆ ಬೆಳಗ್ಗೆ ಎದ್ದಾಗ ಮುಖ ಬಾತಿರುತ್ತದೆ, ಬಗ್ಗಿದರೆ ತಲೆ ಸಿಡಿಯುತ್ತದೆ. ಆವಾಗ ಎಲ್ಲಿಂದ ಹೋಗುತ್ತೀರಿ?

ನಮ್ಮಪ್ಪನಿಗೆ ವೈರ್ ಕಿತ್ತೇ ಹೊಸದು ಹಾಕಿಸಿದೆ. ಹನ್ನೆರಡು ವರ್ಷದ ವೈರ್. ಹಳೆಯದಾದಷ್ಟೂ ನರದ ಗೋಡೆಗೆ, ಹೃದಯಕ್ಕೆ ಅಂಟಿಕೊಂಡಿರುತ್ತದೆ, ಎಳೆದರೆ ಬರಲ್ಲ. ವೈರಿನ ಮೇಲೆ ಕೊಳವೆ ಏರಿಸಿ ಲೇಸರಿನಿಂದ ಬಿಡಿಸುತ್ತಾ ಹೋಗುತ್ತಾರೆ. ವೈರ್ ಬಂದ ಮೇಲೆ ಅದೇ ಕೊಳವೆಯೊಳಗಿಂದ ಹೊಸದನ್ನು ಇಳಿಸುತ್ತಾರೆ. ಮುಚ್ಚಿದ ನರ ಆಗ ಅಡ್ಡಿ ಆಗುವುದೇ ಇಲ್ಲ.

ಖರ್ಚು ಕೇಳಿ. ಲೇಸರ್ ಕೊಳವೆ 1,85,000. ಆಪರೇಷನ್, ಓಟಿ ಸೇರಿ 1,40,000. ಎದೆ ತೆರೆಯಬೇಕಾಗಿ ಬಂದರೆ ಅಂತ ಸರ್ಜನ್ ತಂಡ ಪಕ್ಕದಲ್ಲೇ ನಿಂತಿರಬೇಕು, ಅವರು ಸುಮ್ಮನೆ ನಿಂತದ್ದಕ್ಕೆ 40,000. ಹೊಸ ಮಷೀನು, ವೈರ್ ಬೇರೆ. ನಾಲ್ಕು ಬಾಟಲಿ ರಕ್ತ ರೆಡಿ ಇಡಿ ಅಂದರು. ನಮ್ಮ ಹಮಾಲರನ್ನೇ ಬೆಂಗಳೂರಿಗೆ ಕರೆದುಕೊಂಡು ಹೋದೆ. ಹೋದ ಮೇಲೆ ಅಪ್ಪನಿಗೆ ಜ್ವರ, ಆಪರೇಷನ್ ಮುಂದಕ್ಕೆ. ಹಮಾಲರಿಗೆ ಕೂಲಿ, ಲಾಡ್ಜು, ಊಟ ನನ್ನ ತಲೆಗೆ, ಭತ್ತದ ಸೀಜನ್ ಬೇರೆ. ಒಟ್ಟು ಐದೂವರೆ ಲಕ್ಷ ದಾಟಿತು. ನಮ್ಮದು ಎಪಿಎಲ್, ಆರೋಗ್ಯ ಕರ್ನಾಟಕದಲ್ಲಿ ಪ್ಯಾಕೇಜಿನ 30 ಪರ್ಸೆಂಟ್ ಮಾತ್ರ. ಅದರಲ್ಲೂ ಕೊಳವೆ ಬರಲ್ಲ ಅಂದರು. ಆದರೂ ಇವತ್ತು ಅಪ್ಪನ ಎದೆಯಲ್ಲಿ ಸತ್ತ ವೈರ್ ಒಂದೂ ಇಲ್ಲ.

ತೋರಣಗಲ್ಲು ಶಿಫ್ಟ್:
ಅಣ್ಣಾರೇ, ಸಹಿ ಹಾಕುವ ಕಾಗದದಲ್ಲಿ ಏನಿತ್ತು ಅದನ್ನೂ ಹೇಳಿ. ನನಗೂ ಕಿತ್ತೋಣ ಅಂತ ಮೊದಲು ಹೇಳಿದ್ದರು. ನೂರರಲ್ಲಿ ಒಬ್ಬಿಬ್ಬರಿಗೆ ನರ ಅಥವಾ ಹೃದಯ ಹರಿದು ದೊಡ್ಡ ಅಪಾಯ ಆಗುತ್ತದೆ ಅಂದರು. ಮನೆಯಲ್ಲಿ ಎರಡು ಹೆಣ್ಣುಮಕ್ಕಳು. ಐದೂವರೆ ಲಕ್ಷ ಇದ್ದವರಿಗೆ ಧೈರ್ಯ ಸುಲಭ.

ಸಿಂಧನೂರು ಅಡತ್:
ನೂರರಲ್ಲಿ ತೊಂಬತ್ತೆಂಟು ಮಂದಿಗೆ ಅಂಥ ದೊಡ್ಡ ಅಪಾಯ ಆಗಲ್ಲ ಅಂತಲೂ ಅದೇ ಕಾಗದ ಹೇಳುತ್ತದೆ. ರೊಕ್ಕ ನನಗೇನು ಗಿಡದಲ್ಲಿ ಬಿಡಲ್ಲ. ಟ್ರ್ಯಾಕ್ಟರ್ ಮಾರಿದೆ.

ರಾಯಚೂರು ಅಕ್ಕ:
ನೀವಿಬ್ಬರೂ ಜಗಳ ಆಮೇಲೆ ಮಾಡಿ. ತಮ್ಮಾ, ಅವ್ವನ ಕಿಡ್ನಿ ಹೇಗಿದೆ? ಅದನ್ನು ಯಾರೂ ಕೇಳಲಿಲ್ಲ.

ನಮ್ಮ ಯಜಮಾನರಿಗೆ ಎಡಗಡೆ ಪೇಸ್‌ಮೇಕರ್. ಆಮೇಲೆ ಸಕ್ಕರೆಯಿಂದ ಕಿಡ್ನಿ ಹೋಯಿತು. ಬಲಗೈ ಬಳಸುವವರು ಅಂತ ಡಯಾಲಿಸಿಸ್‌ಗೆ ಕೈಯ ಎರಡು ರಕ್ತನಾಳ ಜೋಡಿಸುವ ಫಿಸ್ಟುಲಾ ಎಡಗೈಗೇ ಮಾಡಿದರು. ಪೇಸ್‌ಮೇಕರ್ ಇರುವ ಕೈಗೆ! ನರ ಅಲ್ಲಿ ಮೊದಲೇ ಸಣ್ಣಗಾಗಿತ್ತು, ಯಾರಿಗೂ ಗೊತ್ತಿರಲಿಲ್ಲ. ಫಿಸ್ಟುಲಾ ಮಾಡಿದ ಮೇಲೆ ಜೋರಾಗಿ ಹರಿದ ರಕ್ತಕ್ಕೆ ಮೇಲೆ ಹೋಗಲು ಜಾಗ ಇಲ್ಲ. ಭುಜದಿಂದ ಬೆರಳವರೆಗೆ ಬಾತಿತು. ಅಂಗಿಯ ತೋಳು ಏರುತ್ತಿರಲಿಲ್ಲ, ಉಂಗುರ ಕತ್ತರಿಸಿ ತೆಗೆದೆವು. ಎದೆಯ ಮೇಲೆ ನೀಲಿ ನರಗಳು ಎದ್ದವು. ಬಲೂನ್ ಮಾಡಿದರು, 62,000. ಇಳಿಯಿತು, ಮತ್ತೆ ಬಾತಿತು. ಮತ್ತೆ ಬಲೂನ್, 58,000. ಕೊನೆಗೆ ಆ ಫಿಸ್ಟುಲಾ ಕಟ್ಟಿಹಾಕಿ ಬಲಗೈಗೆ ಹೊಸದು ಮಾಡಿದರು. ಅದು ಬಲಿಯುವ ತನಕ ಕುತ್ತಿಗೆಯಲ್ಲಿ ಪೈಪು, ಅದಕ್ಕೆ ಸೋಂಕು, ಇಂಜೆಕ್ಷನ್ನಿಗೆ ದಿನಕ್ಕೆ 2,300. ಡಯಾಲಿಸಿಸ್ ಸರಕಾರಿ ದವಾಖಾನೆಯಲ್ಲಿ ಫ್ರೀ, ನಿಜ. ಉಳಿದದ್ದಕ್ಕೆ ನನ್ನ ಪಾಟ್ಲಿ ಹೋದವು. ನಾನು ಈ ವಿಷಯದಲ್ಲಿ ಇನ್ನೂ ಸಿಟ್ಟಿನಲ್ಲೇ ಇದ್ದೇನೆ.

ಬಳ್ಳಾರಿ ಕೋಟೆ:
ಇನ್ನೂ ವೈರ್ ಹಿಡಿದುಕೊಂಡು ಕೂತಿದ್ದೀರಲ್ಲ! ನಮ್ಮ ಮಾವನಿಗೆ ವೈರೇ ಇಲ್ಲದ ಪೇಸ್‌ಮೇಕರ್ ಹಾಕಿಸಿದೆ. ತೊಡೆಯ ನರದಿಂದ ಒಯ್ದು ಹೃದಯದೊಳಗೇ ಬಿಡುತ್ತಾರೆ. ಕ್ಯಾಪ್ಸೂಲ್ ಅಷ್ಟೇ, ತೂಕ ಎರಡು ಗ್ರಾಮೂ ಇಲ್ಲ. ಅಮೆರಿಕದಲ್ಲಿ 2016ರಲ್ಲೇ ಅನುಮತಿ ಸಿಕ್ಕಿದ್ದು. ಎದೆ ಮೇಲೆ ಗಾಯ ಇಲ್ಲ, ಭುಜದ ನರ ಮುಚ್ಚಿದರೂ ಚಿಂತೆ ಇಲ್ಲ. 9,20,000 ಆಯಿತು. ಜೀವಕ್ಕಿಂತ ಹೆಚ್ಚಾ? ಕೈಗೆ ಹರಳೆಣ್ಣೆ ಬಿಸಿ ಮಾಡಿ ಮೇಲಿನಿಂದ ಕೆಳಗೆ ತಿಕ್ಕಿದರೂ ಬಾವು ಇಳಿಯುತ್ತದೆ, ನಮ್ಮ ಅತ್ತೆ ಹಾಗೇ ಮಾಡುತ್ತಿದ್ದರು.

ರಾಯಚೂರು ಅಕ್ಕ:
ಹರಳೆಣ್ಣೆ! ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಆ ಕೈ ತಿಕ್ಕಬಾರದು ಅಂತ ನರ್ಸ್ ನನ್ನ ಮೇಲೆ ಕೂಗಾಡಿದ್ದರು. ಒಂಬತ್ತು ಲಕ್ಷದ ಮಾತು ಆಡುವವರು ಎಣ್ಣೆ ಮಾತು ಆಡಬೇಡಿ.

ಕ್ಯಾತ್ ಲ್ಯಾಬ್ ತಮ್ಮ:
ನಾನು ಡಾಕ್ಟರ್ ಅಲ್ಲ, ಟೆಕ್ನಿಷಿಯನ್. ಕೋಟೆ ಸರ್ ಹೇಳಿದ ಕ್ಯಾಪ್ಸೂಲ್ ಬಲಗಡೆಯ ಕೋಣೆಗೆ ಹಾಕುವಂಥದ್ದು. ಇವರ ಅವ್ವನಿಗೆ ಬೇಕಿರುವುದು ಎಡಗಡೆಯ ಕೋಣೆಯೂ ಜೊತೆಗೆ ಬಡಿಯುವಂತೆ ಮಾಡುವ ಸಿಆರ್‌ಟಿ. ಅದು ಆ ಕೆಲಸ ಮಾಡಲ್ಲ. ಅದರ ಬ್ಯಾಟರಿ ಮುಗಿದರೆ ಸಾಮಾನ್ಯವಾಗಿ ಹಳೆಯದನ್ನು ಒಳಗೇ ಬಿಟ್ಟು ಇನ್ನೊಂದು ಹಾಕುತ್ತಾರೆ.

ಕೈ ಯಾಕೆ ಬಾತಿಲ್ಲ ಅಂದರೆ, ಎಡದಂಡೆ ಕಾಲುವೆಯಲ್ಲಿ ಹೂಳು ತುಂಬಿದರೆ ನೀರು ಪಕ್ಕದ ಹಳ್ಳ ಹುಡುಕಿಕೊಳ್ಳುತ್ತದಲ್ಲ, ಹಾಗೆ ಸಣ್ಣ ನರಗಳು ದಾರಿ ಮಾಡಿಕೊಂಡಿವೆ. ಬಹಳ ಮಂದಿಗೆ ನರ ಮುಚ್ಚಿದ್ದು ಬ್ಯಾಟರಿ ಬದಲಿಸುವ ತನಕ ಗೊತ್ತೇ ಆಗಲ್ಲ. ಬರೀ ಬ್ಯಾಟರಿ ಬದಲಿಸುವುದಾದರೆ ನರದ ಗೊಡವೆಯೇ ಇಲ್ಲ. ಹೊಸ ವೈರ್ ಬೇಕು ಅಂದಾಗ ಮಾತ್ರ ಈ ತಲೆನೋವು. ಯಾವ ದಾರಿಯೂ ಆಗದಿದ್ದರೆ ಪಕ್ಕೆಲುಬಿನ ನಡುವೆ ಸಣ್ಣದಾಗಿ ಕೊಯ್ದು ಹೃದಯದ ಹೊರಗಿನಿಂದ ವೈರ್ ಹೊಲಿಯುವ ಸರ್ಜನ್‌ಗಳೂ ಇದ್ದಾರೆ.

ಬಳ್ಳಾರಿ ಕೋಟೆ:
ಟೆಕ್ನಿಷಿಯನ್ ಅಂತೀರಿ, ಪಾಠ ಮಾತ್ರ ಪ್ರೊಫೆಸರ್ ಥರ.

ಕೊಪ್ಪಳ ಮೇಷ್ಟ್ರು:
ನಮ್ಮ ಮನೆಯವರದ್ದು ನಿಮ್ಮ ಅವ್ವನ ಕೇಸೇ. ಎರಡು ವೈರ್, ಪಂಪಿಂಗ್ 30, ನರ ಬಂದ್. ನಾವು ಬಲೂನ್ ಮಾಡಿಸಿದೆವು. ಮುಚ್ಚಿದ ಜಾಗದೊಳಗೆ ದಾರದಂಥ ತಂತಿ ದಾಟಿಸುವುದೇ ದೊಡ್ಡ ಕೆಲಸ. ತೋಳಿನ ಕಡೆಯಿಂದ ಆಗಲಿಲ್ಲ, ತೊಡೆಯ ಕಡೆಯಿಂದಲೂ ಪ್ರಯತ್ನ ಮಾಡಿದರು. ದಾಟಿತು. ಬಲೂನ್ ಉಬ್ಬಿಸಿ ಹೊಸ ವೈರಿಗೆ ಹಾದಿ ಮಾಡಿದರು. ನರ ಮುಂದೆ ಮತ್ತೆ ಸಣ್ಣಗಾಗಬಹುದು ಅಂದರು. ಆಗಲಿ, ವೈರ್ ಒಳಗೆ ಹೋಯಿತಲ್ಲ. ಸ್ಟೆಂಟ್ ಹಾಕಿ ಅಂದೆ. ಹಳೇ ವೈರುಗಳು ಸ್ಟೆಂಟಿಗೂ ನರಕ್ಕೂ ನಡುವೆ ಸಿಕ್ಕಿಕೊಳ್ಳುತ್ತವೆ, ಮುಂದೆ ಸೋಂಕಾದರೆ ತೆಗೆಯಲು ಆಗಲ್ಲ, ಬೇಡ ಅಂದರು.

ಮನೆಗೆ ಬಂದ ಮೇಲೆ ಇನ್ನೊಂದು ಕಾಟ. ಎಡಕ್ಕೆ ಮಲಗಿದರೆ ಹೊಟ್ಟೆ ಕುಣಿಯುತ್ತಿತ್ತು. ಹೊಸ ವೈರಿನ ಕರೆಂಟು ಪಕ್ಕದ ನರಕ್ಕೆ (ಇದು ರಕ್ತದ್ದಲ್ಲ, ವಪೆಯನ್ನು ಆಡಿಸುವ ನರ) ತಾಗಿ ವಪೆ, ಅಂದರೆ ಎದೆ-ಹೊಟ್ಟೆ ನಡುವಿನ ಉಸಿರಾಟದ ಪದರ, ಬಡಿಯುತ್ತಿತ್ತಂತೆ. ಮಷೀನಿನ ಸೆಟ್ಟಿಂಗ್ ಬದಲಿಸಿದ ಮೇಲೆ ನಿಂತಿತು. ಈಗ ಪಂಪಿಂಗ್ 42.

ಬಿಲ್ 4,38,000. ರಿಯಂಬರ್ಸ್‌ಮೆಂಟ್ ಹಾಕಿದೆ, ಮಂಜೂರಾದದ್ದು 2,71,000. ಬಲೂನಿನ ಸಾಲಿಗೆ ಕೆಂಪು ಗೆರೆ ಎಳೆದು 'ಪೇಸ್‌ಮೇಕರ್ ಚಿಕಿತ್ಸೆಗೆ ಸಂಬಂಧವಿಲ್ಲ' ಅಂತ ಬರೆದಿದ್ದಾರೆ. ಬಲೂನ್ ಏನು ಜಾತ್ರೆಯಲ್ಲಿ ಕೊಂಡದ್ದಾ? ಫೈಲು ಇನ್ನೂ ತಿರುಗುತ್ತಿದೆ.

ಕಾರಟಗಿಯವ:
ಅಕ್ಕಾರೇ, ಅವ್ವನ ಕಿಡ್ನಿ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.9 ಇದೆ. ಮೇಷ್ಟ್ರೇ, ಬಲೂನಿಗೆ ಮತ್ತೆ ಡೈ ಬಿಡಬೇಕಾಗುತ್ತದಾ?

ರಾಯಚೂರು ಅಕ್ಕ:
ನೋಡಿದಿರಾ! 1.9 ಇಟ್ಟುಕೊಂಡು ಸುಮ್ಮನಿದ್ದೀರಿ. ಬಲೂನ್ ಅಂದರೆ ಡೈ ಇದ್ದೇ ಇರುತ್ತದೆ, ಡೈ ಕಿಡ್ನಿಗೆ ಭಾರ. ಮೊದಲು ಕಿಡ್ನಿ ಡಾಕ್ಟರಿಗೆ ತೋರಿಸಿ, ಡೈ ಎಷ್ಟು ಕಡಿಮೆ ಬಿಡಬಹುದು ಕೇಳಿ. ಇನ್ನೊಂದು ಮಾತು. ಎರಡೂ ಕಡೆ ವೈರ್ ತುಂಬಿಸಿಕೊಂಡರೆ ನಾಳೆ ಡಯಾಲಿಸಿಸ್‌ಗೆ ಯಾವ ಕೈ ಉಳಿಯುತ್ತದೆ? ಬಲಗಡೆಯನ್ನು ಖಾಲಿ ಬಿಡಿ.

ಸಿಂಧನೂರು ಅಡತ್:
ಅಕ್ಕಾರು ಹೇಳಿದ್ದನ್ನೇ ನಾನು ಮೊದಲು ಹೇಳಿದ್ದು.

ತೋರಣಗಲ್ಲು ಶಿಫ್ಟ್:
ಅವರು ಕಿಡ್ನಿ ಲೆಕ್ಕ ಹೇಳಿದರು, ನೀವು ನನ್ನನ್ನು ಹೇಡಿ ಅಂದಿರಿ. ಸರ್ಜನ್ ಸುಮ್ಮನೆ ನಿಂತದ್ದಕ್ಕೆ 40,000 ಅಂತೀರಿ, ಬಿಲ್ ಇದ್ದರೆ ಹಾಕಿ, ನಾನೂ ನೋಡುತ್ತೇನೆ.

ಸಿಂಧನೂರು ಅಡತ್:
ಹೇಡಿ ಅಂತ ಎಲ್ಲಿ ಅಂದೆ, ತೋರಿಸು. ಬಿಲ್ ಅಂಗಡಿಯಲ್ಲಿದೆ, ನಾಳೆ ಹೆಸರು ಮುಚ್ಚಿ ಹಾಕುತ್ತೇನೆ. ನಿನ್ನ 78,400ದ್ದನ್ನೂ ಹಾಕು.